ಪ್ಯಾಸಿಫೈಯರ್ ಚೀಪಿದರೆ ಮಗುವಿನ ಹಲ್ಲು ಉಬ್ಬುತ್ತದೆಯೇ? ವಯಸ್ಸು ಮತ್ತು ಗಂಟೆಗಳ ಲೆಕ್ಕ ಇಲ್ಲಿದೆ

ಪುಟ್ಟ ಮಕ್ಕಳಿರುವ ಮನೆಯ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಪ್ಯಾಸಿಫೈಯರ್ ಬಗ್ಗೆ ಎರಡು ಬಗೆಯ ಸಂದೇಶಗಳು ಓಡಾಡುತ್ತಿರುತ್ತವೆ. ಮೊದಲನೆಯದು ಹೆದರಿಸುವ ಬಗೆ: ಒಂದು ದಿನ ಕೊಟ್ಟರೂ ಹಲ್ಲು ಉಬ್ಬುತ್ತದೆ, ಮುಖದ ಆಕಾರವೇ ಕೆಡುತ್ತದೆ, ಸೋಮಾರಿ ತಾಯಂದಿರು ಮಾತ್ರ ಇದನ್ನು ಕೊಡುತ್ತಾರೆ ಎನ್ನುವುದು. ಎರಡನೆಯದು ಸಮಾಧಾನ ಹೇಳುವ ಬಗೆ: ಹೇಗಿದ್ದರೂ ಹಾಲುಹಲ್ಲು ಬಿದ್ದು ಹೋಗುತ್ತವೆ, ಮಗು ಎಷ್ಟು ವರ್ಷ ಚೀಪಿದರೂ ಚಿಂತೆಯಿಲ್ಲ ಎನ್ನುವುದು.

ಎರಡೂ ಪೂರ್ತಿ ನಿಜವಲ್ಲ. ಮೊದಲನೆಯದನ್ನು ನಂಬಿದರೆ ಬಾಣಂತಿಯ ಮೇಲೆ ಸುಮ್ಮನೆ ಅಪವಾದ ಬರುತ್ತದೆ. ಎರಡನೆಯದನ್ನು ನಂಬಿದರೆ ತಾನಾಗಿ ಸರಿಹೋಗಬಹುದಾಗಿದ್ದ ತೊಂದರೆ ಚಿಕಿತ್ಸೆಯವರೆಗೆ ಹೋಗುತ್ತದೆ. ಈ ಲೇಖನದಲ್ಲಿ ವೈದ್ಯಕೀಯ ಸಂಸ್ಥೆಗಳ ಸಲಹೆ ಮತ್ತು ಸಂಶೋಧನೆಗಳ ಆಧಾರದ ಮೇಲೆ ನಿಜ ಸಂಗತಿ ಏನೆಂದು ನೋಡೋಣ.

ಒಂದೇ ನೋಟದಲ್ಲಿ

• ಮೊದಲ ವರ್ಷದಲ್ಲಿ ಮಲಗುವ ಹೊತ್ತಿಗೆ ಮಾತ್ರ ಪ್ಯಾಸಿಫೈಯರ್ ಕೊಟ್ಟರೆ ಹಲ್ಲಿನ ಸಾಲು ಶಾಶ್ವತವಾಗಿ ಕೆಡುತ್ತದೆ ಎನ್ನಲು ಆಧಾರವಿಲ್ಲ.
• ದಿನವಿಡೀ ಬಾಯಲ್ಲಿದ್ದರೆ, ಎರಡು ಮೂರು ವರ್ಷ ದಾಟಿದರೂ ಬಿಡದಿದ್ದರೆ ಹಲ್ಲು ಮತ್ತು ದವಡೆಯ ಮೇಲೆ ಪರಿಣಾಮ ಖಂಡಿತ ಆಗಬಹುದು.
• ಮೂರು ವರ್ಷದೊಳಗೆ ಬಿಡಿಸಿದರೆ ಮುಂದಿನ ಹಲ್ಲುಗಳ ತೊಂದರೆ ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ.
• ಪ್ಯಾಸಿಫೈಯರ್‌ಗೆ ಜೇನುತುಪ್ಪ ಅಥವಾ ಸಕ್ಕರೆ ಹಚ್ಚುವುದು, ಅದನ್ನು ದಾರದಲ್ಲಿ ಕುತ್ತಿಗೆಗೆ ಕಟ್ಟುವುದು ಉಬ್ಬುಹಲ್ಲಿಗಿಂತ ದೊಡ್ಡ ಅಪಾಯ.

ಮಗು ಚೀಪುವುದೇಕೆ?

ಪ್ಯಾಸಿಫೈಯರ್ ಎಂದರೆ ಮಗು ಚೀಪಲೆಂದೇ ಮಾಡಿದ ರಬ್ಬರ್ ಅಥವಾ ಸಿಲಿಕೋನ್ ಮೊಲೆತೊಟ್ಟು. ಅಂಗಡಿಯಲ್ಲಿ ಸೂದರ್ ಎಂದೂ, ಮನೆಗಳಲ್ಲಿ ಬರೀ ನಿಪ್ಪಲ್ ಎಂದೂ ಕರೆಯುತ್ತಾರೆ. ಇದರಿಂದ ಹಾಲು ಬರುವುದಿಲ್ಲ. ಹಾಲಿನ ಬಾಟಲಿಯ ನಿಪ್ಪಲ್ ಬೇರೆ, ಇದು ಬೇರೆ.

ಚೀಪುವುದು ಮಗುವಿಗೆ ಯಾರೋ ಕಲಿಸಿದ ಚಟವಲ್ಲ. ಗರ್ಭದಲ್ಲಿರುವಾಗಲೇ ಶಿಶು ಬೆರಳು ಚೀಪುವುದು ಸ್ಕ್ಯಾನಿಂಗ್‌ನಲ್ಲಿ ಕಾಣಿಸುತ್ತದೆ. ಹಸಿವಿದ್ದಾಗ ಹಾಲಿಗಾಗಿ ಚೀಪುವುದು ಒಂದು ಬಗೆಯಾದರೆ, ಹೊಟ್ಟೆ ತುಂಬಿದ ಮೇಲೂ ಸಮಾಧಾನಕ್ಕಾಗಿ, ನಿದ್ದೆ ಹತ್ತಲು ಚೀಪುವುದು ಇನ್ನೊಂದು ಬಗೆ. ಪ್ಯಾಸಿಫೈಯರ್, ಹೆಬ್ಬೆರಳು, ಸೀರೆಯ ಸೆರಗಿನ ತುದಿ ಎಲ್ಲವೂ ಈ ಎರಡನೆಯ ಬಗೆಗೆ ಸೇರುತ್ತವೆ. ಹೆಚ್ಚಿನ ಮಕ್ಕಳು ಎರಡರಿಂದ ನಾಲ್ಕು ವರ್ಷದೊಳಗೆ ಈ ಅಭ್ಯಾಸವನ್ನು ತಾವಾಗಿಯೇ ಬಿಡುತ್ತಾರೆ.

ಹಲ್ಲಿನ ಸಾಲು ಜಾರುವುದು ಹೇಗೆ?

ಹಲ್ಲುಗಳು ದವಡೆಯಲ್ಲಿ ಸಿಮೆಂಟ್ ಹಾಕಿ ನಿಲ್ಲಿಸಿದ ಕಂಬಗಳಲ್ಲ. ಒಳಗಿನಿಂದ ನಾಲಿಗೆ, ಹೊರಗಿನಿಂದ ತುಟಿ ಮತ್ತು ಕೆನ್ನೆ ಅವುಗಳನ್ನು ಸದಾ ಮೆಲ್ಲಗೆ ಒತ್ತುತ್ತಿರುತ್ತವೆ. ಈ ಎರಡು ಒತ್ತಡಗಳು ಸಮವಾಗಿರುವ ಜಾಗದಲ್ಲಿ ಹಲ್ಲು ನಿಲ್ಲುತ್ತದೆ. ಮೇಲಿನ ದವಡೆ ಅಗಲವಾಗಿ ಬೆಳೆಯಲೂ ನಾಲಿಗೆ ಅಂಗುಳಕ್ಕೆ ತಾಗಿಕೊಂಡಿರುವುದು ಸಹಾಯ ಮಾಡುತ್ತದೆ.

ಈಗ ಬಾಯಲ್ಲಿ ಪ್ಯಾಸಿಫೈಯರ್ ಇದೆ ಎಂದುಕೊಳ್ಳಿ. ಮೂರು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಒಂದು ವಸ್ತು ಅಡ್ಡ ಇರುವುದರಿಂದ ಅವು ಪೂರ್ತಿ ಮೇಲೆ ಬರಲು ಆಗುವುದಿಲ್ಲ. ನಾಲಿಗೆ ಅಂಗುಳವನ್ನು ಬಿಟ್ಟು ಕೆಳಗೆ ಇಳಿಯುತ್ತದೆ. ಚೀಪುವಾಗ ಕೆನ್ನೆಯ ಸ್ನಾಯುಗಳು ಒಳಕ್ಕೆ ಎಳೆದುಕೊಂಡು ಮೇಲಿನ ದವಡೆಯನ್ನು ಎರಡೂ ಬದಿಯಿಂದ ಒತ್ತುತ್ತವೆ. ಒಳಗಿನಿಂದ ತಡೆಯುವ ನಾಲಿಗೆ ಇಲ್ಲದ್ದರಿಂದ ದವಡೆ ಸ್ವಲ್ಪ ಸ್ವಲ್ಪವಾಗಿ ಕಿರಿದಾಗುತ್ತದೆ.

ಇಲ್ಲಿ ಬಲಕ್ಕಿಂತ ಸಮಯ ಮುಖ್ಯ. ಹಲ್ಲಿಗೆ ತಂತಿ ಹಾಕಿ ಸರಿಪಡಿಸುವುದನ್ನು ನೀವು ನೋಡಿರಬಹುದು. ಆ ತಂತಿ ಜೋರಾಗಿ ಎಳೆಯುವುದಿಲ್ಲ, ಮೆಲ್ಲಗೆ ಆದರೆ ಬಿಡದೆ ಎಳೆಯುತ್ತದೆ. ಊಟ ಮಾಡುವಾಗ ಹಲ್ಲಿನ ಮೇಲೆ ಬೀಳುವ ಒತ್ತಡ ಅದಕ್ಕಿಂತ ಎಷ್ಟೋ ಹೆಚ್ಚು, ಆದರೂ ಹಲ್ಲು ಜರುಗುವುದಿಲ್ಲ, ಏಕೆಂದರೆ ಆ ಒತ್ತಡ ಕ್ಷಣಕಾಲದ್ದು. ಹಲ್ಲು ಜರುಗಲು ದಿನಕ್ಕೆ ಸುಮಾರು 4ರಿಂದ 6 ಗಂಟೆ ಒತ್ತಡ ಇರಬೇಕು ಎಂದು ದಂತವೈದ್ಯರು ಲೆಕ್ಕ ಹಾಕುತ್ತಾರೆ. ನಿದ್ದೆ ಹತ್ತುವ ತನಕ ಹದಿನೈದು ನಿಮಿಷ ಚೀಪಿ ಉಗುಳುವ ಮಗುವಿಗೂ, ಬೆಳಗಿನಿಂದ ರಾತ್ರಿಯವರೆಗೆ ಬಾಯಲ್ಲೇ ಇಟ್ಟುಕೊಳ್ಳುವ ಮಗುವಿಗೂ ಇರುವ ವ್ಯತ್ಯಾಸ ಇದೇ.

ಯಾವ ತೊಂದರೆಗಳು ಕಾಣಿಸುತ್ತವೆ?

ಮುಖ್ಯವಾಗಿ ಮೂರು ಬದಲಾವಣೆಗಳನ್ನು ದಂತವೈದ್ಯರು ಗಮನಿಸುತ್ತಾರೆ.

1. ಮುಂದೆ ಬಾಯಿ ಮುಚ್ಚದಿರುವುದು: ಹಿಂದಿನ ದವಡೆ ಹಲ್ಲುಗಳನ್ನು ಕಚ್ಚಿ ಹಿಡಿದಾಗಲೂ ಮುಂದಿನ ಹಲ್ಲುಗಳ ನಡುವೆ ಕಿಂಡಿ ಉಳಿಯುತ್ತದೆ. ಆ ಕಿಂಡಿ ಕೆಲವೊಮ್ಮೆ ಪ್ಯಾಸಿಫೈಯರ್‌ನ ಆಕಾರದಲ್ಲೇ ಇರುತ್ತದೆ. ಇಂತಹ ಮಗುವಿಗೆ ಚಪಾತಿಯನ್ನು ಮುಂದಿನ ಹಲ್ಲಿನಿಂದ ಕಚ್ಚಿ ತುಂಡು ಮಾಡಲು ಕಷ್ಟವಾಗಬಹುದು.

2. ಮೇಲಿನ ಹಲ್ಲು ಮುಂದೆ ಚಾಚುವುದು: ನಾವು ಉಬ್ಬುಹಲ್ಲು ಎನ್ನುವುದು ಇದನ್ನೇ. ಇದು ಪ್ಯಾಸಿಫೈಯರ್‌ಗಿಂತ ಹೆಬ್ಬೆರಳು ಚೀಪುವ ಮಕ್ಕಳಲ್ಲಿ ಎದ್ದು ಕಾಣುತ್ತದೆ, ಏಕೆಂದರೆ ಬೆರಳು ಮೇಲಿನ ಹಲ್ಲನ್ನು ನೇರವಾಗಿ ಹೊರಕ್ಕೆ ಮೀಟುತ್ತದೆ.

3. ಹಿಂದಿನ ಹಲ್ಲುಗಳು ಅಡ್ಡ ಕೂರುವುದು: ಸಾಮಾನ್ಯವಾಗಿ ಮೇಲಿನ ದವಡೆಯ ಹಲ್ಲುಗಳು ಕೆಳಗಿನವುಗಳ ಹೊರಬದಿಯಲ್ಲಿ ಕೂರುತ್ತವೆ, ಡಬ್ಬಿಯ ಮೇಲೆ ಮುಚ್ಚಳ ಕೂರುವ ಹಾಗೆ. ಮೇಲಿನ ದವಡೆ ಕಿರಿದಾದರೆ ಮುಚ್ಚಳವೇ ಡಬ್ಬಿಯೊಳಗೆ ಹೋದಂತಾಗುತ್ತದೆ. ಪ್ಯಾಸಿಫೈಯರ್ ಬಹಳ ಕಾಲ ಬಳಸಿದ ಮಕ್ಕಳಲ್ಲಿ ಇದು ಹೆಚ್ಚು. ಹೊರಗಿನಿಂದ ಕಾಣದ ಕಾರಣ ಮನೆಯವರ ಗಮನಕ್ಕೆ ಬರುವುದು ತಡ.

ಇವೆಲ್ಲವೂ ಪ್ಯಾಸಿಫೈಯರ್ ಒಂದರಿಂದಲೇ ಬರುವುದಿಲ್ಲ. ತಂದೆ ತಾಯಿಯ ದವಡೆಯ ಆಕಾರ, ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವ ಅಭ್ಯಾಸ, ಗಂಟಲಿನ ಹಿಂಭಾಗದ ಅಡಿನಾಯ್ಡ್ ಊತ ಇವೂ ಕಾರಣವಾಗುತ್ತವೆ. ಹಾಗಾಗಿ ಹತ್ತು ವರ್ಷದ ಹುಡುಗಿಯ ಉಬ್ಬುಹಲ್ಲನ್ನು ನೋಡಿ, ಚಿಕ್ಕಂದಿನಲ್ಲಿ ಅವಳಮ್ಮ ನಿಪ್ಪಲ್ ಕೊಟ್ಟದ್ದಕ್ಕೇ ಹೀಗಾಯಿತು ಎಂದು ತೀರ್ಪು ಕೊಡಲು ಬರುವುದಿಲ್ಲ.

ಎಷ್ಟು ವಯಸ್ಸಿನವರೆಗೆ ಸರಿ?

ಮಗುವಿಗೆ ಸುಮಾರು ಆರು ತಿಂಗಳಿಗೆ ಮೊದಲ ಹಲ್ಲು ಮೂಡುತ್ತದೆ. ಎರಡೂವರೆಯಿಂದ ಮೂರು ವರ್ಷದೊಳಗೆ 20 ಹಾಲುಹಲ್ಲುಗಳೂ ಬಂದಿರುತ್ತವೆ. ಆರನೇ ವರ್ಷದ ಸುಮಾರಿಗೆ ಶಾಶ್ವತ ಹಲ್ಲುಗಳು ಬರಲು ಶುರುವಾಗುತ್ತವೆ. ಈ ವೇಳಾಪಟ್ಟಿಯನ್ನು ನೆನಪಿಟ್ಟುಕೊಂಡರೆ ವೈದ್ಯರ ಸಲಹೆ ಸುಲಭವಾಗಿ ಅರ್ಥವಾಗುತ್ತದೆ.

ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿಯ ಪ್ರಕಾರ ಚೀಪುವ ಅಭ್ಯಾಸ 36 ತಿಂಗಳೊಳಗೆ, ಸಾಧ್ಯವಾದರೆ ಅದಕ್ಕೂ ಮುಂಚೆ ನಿಲ್ಲಬೇಕು. ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಮಕ್ಕಳನ್ನು ಹುಟ್ಟಿನಿಂದಲೇ ಗಮನಿಸುತ್ತಾ ಬಂದು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 48 ತಿಂಗಳ ನಂತರವೂ ಚೀಪುತ್ತಿದ್ದ ಮಕ್ಕಳಲ್ಲಿ ಹಲ್ಲಿನ ಸಾಲಿನ ಬದಲಾವಣೆ ಅತಿ ಹೆಚ್ಚು ಕಂಡಿತು. ಅದಕ್ಕಿಂತ ಮೊದಲೇ ಬಿಟ್ಟವರಲ್ಲೂ, ಬಹಳ ಬೇಗ ಬಿಟ್ಟವರಿಗೆ ಹೋಲಿಸಿದರೆ ಸ್ವಲ್ಪ ವ್ಯತ್ಯಾಸ ಇತ್ತು. ಎಂದರೆ ಮೂರನೇ ಹುಟ್ಟುಹಬ್ಬದ ಹಿಂದಿನ ದಿನದವರೆಗೂ ಪೂರ್ತಿ ಕ್ಷೇಮ, ಮರುದಿನದಿಂದ ಅಪಾಯ ಎಂಬ ಗೆರೆ ಇಲ್ಲ. ಕಾಲ ಹೆಚ್ಚಿದಂತೆ ಪರಿಣಾಮವೂ ಹೆಚ್ಚುತ್ತದೆ.

ಬಿಟ್ಟ ಮೇಲೆ ತಾನಾಗಿ ಸರಿಹೋಗುತ್ತದೆಯೇ?

ಮುಂದಿನ ಹಲ್ಲುಗಳ ಕಿಂಡಿ ಹೆಚ್ಚಾಗಿ ಸರಿಹೋಗುತ್ತದೆ. ಅಡ್ಡ ಇದ್ದ ವಸ್ತು ಹೋದ ಮೇಲೆ, ಶಾಶ್ವತ ಹಲ್ಲು ಬರುವ ಮೊದಲೇ ಅಭ್ಯಾಸ ನಿಂತಿದ್ದರೆ, ತುಟಿ ಮತ್ತು ನಾಲಿಗೆಯ ಒತ್ತಡವೇ ಹಲ್ಲುಗಳನ್ನು ತಿಂಗಳುಗಳಲ್ಲಿ ಹತ್ತಿರ ತರುತ್ತದೆ.

ಹಿಂದಿನ ಹಲ್ಲುಗಳು ಅಡ್ಡ ಕೂತಿದ್ದರೆ ಮಾತು ಬೇರೆ. ದವಡೆ ಕಿರಿದಾಗಿರುವ ಈ ತೊಂದರೆ ತಾನಾಗಿ ಹೋಗುವ ಸಾಧ್ಯತೆ ಕಡಿಮೆ. ಕೆಲವು ಮಕ್ಕಳಿಗೆ ದವಡೆ ಅಗಲಿಸುವ ಸಾಧನ ಹಾಕಬೇಕಾಗುತ್ತದೆ.

"ಹಾಲುಹಲ್ಲು ತಾನೇ, ಬಿದ್ದು ಹೋಗುತ್ತವೆ" ಎನ್ನುವ ಮಾತು ನಿಲ್ಲದಿರುವುದು ಇಲ್ಲೇ. ಹಾಲುಹಲ್ಲು ಬೀಳುತ್ತದೆ, ದವಡೆ ಬೀಳುವುದಿಲ್ಲ. ಶಾಶ್ವತ ಹಲ್ಲುಗಳು ಅದೇ ದವಡೆಯಲ್ಲಿ ಜಾಗ ಹುಡುಕಬೇಕು. ಜತೆಗೆ ಹಿಂದಿನ ಕೆಲವು ಹಾಲುಹಲ್ಲುಗಳು 10ರಿಂದ 12 ವರ್ಷದವರೆಗೂ ಬಾಯಲ್ಲಿರುತ್ತವೆ.

"ಆರ್ಥೊಡಾಂಟಿಕ್" ಎಂದು ಬರೆದಿದ್ದರೆ ಭಯವಿಲ್ಲವೇ?

ಚಪ್ಪಟೆ ಅಥವಾ ಓರೆ ತುದಿಯ ಪ್ಯಾಸಿಫೈಯರ್‌ಗಳನ್ನು ಆರ್ಥೊಡಾಂಟಿಕ್ ಎಂಬ ಹೆಸರಿನಲ್ಲಿ ಹೆಚ್ಚು ಬೆಲೆಗೆ ಮಾರುತ್ತಾರೆ. ಹಲ್ಲಿಗೆ ಏನೂ ಆಗುವುದಿಲ್ಲ ಎಂಬ ಭಾವನೆ ಹೆಸರಿನಿಂದಲೇ ಬರುತ್ತದೆ. ಮಾಮೂಲಿ ಪ್ಯಾಸಿಫೈಯರ್‌ಗಳ ಜತೆ ಇವುಗಳನ್ನು ಹೋಲಿಸಿದ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದವರು, ಇವು ಹಲ್ಲಿನ ಸಾಲು ಕೆಡದಂತೆ ತಡೆಯುತ್ತವೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದಿದ್ದಾರೆ. ತೆಳುವಾದ ಕುತ್ತಿಗೆಯ ಪ್ಯಾಸಿಫೈಯರ್‌ನಿಂದ ಮುಂದಿನ ಕಿಂಡಿ ಕೊಂಚ ಕಡಿಮೆಯಾಗಬಹುದು, ಅಷ್ಟೇ. ನಾಲ್ಕು ವರ್ಷ ಚೀಪಿದರೆ ಯಾವ ಆಕಾರವೂ ಕಾಪಾಡುವುದಿಲ್ಲ.

ಹೆಬ್ಬೆರಳಿಗಿಂತ ಪ್ಯಾಸಿಫೈಯರ್ ವಾಸಿಯೇ?

ಒಂದು ವಿಷಯದಲ್ಲಿ ಹೌದು. ಪ್ಯಾಸಿಫೈಯರ್ ಅನ್ನು ಎತ್ತಿಡಬಹುದು, ಹೆಬ್ಬೆರಳನ್ನು ಎತ್ತಿಡಲು ಆಗುವುದಿಲ್ಲ. ಬೆರಳು ಚೀಪುವ ಅಭ್ಯಾಸ ಶಾಲೆಗೆ ಹೋಗುವ ವಯಸ್ಸಿನವರೆಗೂ ಉಳಿಯುವುದು ಇದಕ್ಕೇ. ಹಾಗೆಂದು, ಬೆರಳನ್ನೂ ಚೀಪದೆ ನೆಮ್ಮದಿಯಾಗಿರುವ ಮಗುವಿಗೆ ಮುಂಜಾಗ್ರತೆ ಎಂದು ಪ್ಯಾಸಿಫೈಯರ್ ಕಲಿಸಬೇಕಿಲ್ಲ.

ಹಾಗಾದರೆ ಕೊಡಲೇಬಾರದೇ?

ಇಲ್ಲಿ ವೈದ್ಯರ ಸಲಹೆ ಫಾರ್ವರ್ಡ್ ಸಂದೇಶಗಳಿಗಿಂತ ಬೇರೆಯೇ ಇದೆ.

ನಿದ್ದೆಯಲ್ಲಿ ಶಿಶು ಹಠಾತ್ತಾಗಿ ಸಾಯುವ ಅಪಾಯವನ್ನು ಕಡಿಮೆ ಮಾಡುವ ಕ್ರಮಗಳಲ್ಲಿ ಒಂದಾಗಿ, ಮಲಗಿಸುವಾಗ ಪ್ಯಾಸಿಫೈಯರ್ ಕೊಡುವುದನ್ನು ಪರಿಗಣಿಸಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲೂ ಈ ಸಲಹೆ ಇದೆ. ಮಗು ಬೇಡವೆಂದರೆ ಒತ್ತಾಯ ಮಾಡಬಾರದು, ನಿದ್ದೆಯಲ್ಲಿ ಬಾಯಿಂದ ಬಿದ್ದರೆ ಮತ್ತೆ ಇಡಬೇಕಿಲ್ಲ. ಶಿಶುವನ್ನು ಅಂಗಾತ ಮಲಗಿಸುವುದು ಇದಕ್ಕಿಂತ ಮುಖ್ಯ ಎಂಬುದನ್ನು ಮರೆಯಬಾರದು.

ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಿಗೆ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಚೀಪಲು ಕೊಡುವುದುಂಟು. ಇದರಿಂದ ಅವು ನಳಿಕೆ ಬಿಟ್ಟು ಬಾಯಿಂದ ಹಾಲು ಕುಡಿಯುವುದನ್ನು ಬೇಗ ಕಲಿಯುತ್ತವೆ, ಬೇಗ ಮನೆಗೆ ಹೋಗುತ್ತವೆ.

ಎದೆಹಾಲಿನ ವಿಷಯದಲ್ಲಿ ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಹೊರತಂದ ಹತ್ತು ಸೂತ್ರಗಳಲ್ಲಿ ಎದೆಹಾಲು ಕುಡಿಯುವ ಶಿಶುಗಳಿಗೆ ಪ್ಯಾಸಿಫೈಯರ್ ಕೊಡಲೇಬಾರದು ಎಂದಿತ್ತು. 2018ರ ಪರಿಷ್ಕರಣೆಯಲ್ಲಿ ಅದು, ಬಾಟಲಿ ಮತ್ತು ಪ್ಯಾಸಿಫೈಯರ್‌ನ ಬಳಕೆ ಹಾಗೂ ಅಪಾಯಗಳ ಬಗ್ಗೆ ತಾಯಂದಿರಿಗೆ ತಿಳಿವಳಿಕೆ ನೀಡಬೇಕು ಎಂದು ಬದಲಾಯಿತು. ಎದೆಹಾಲು ಕೊಡಲು ಮನಸ್ಸು ಮಾಡಿದ ತಾಯಂದಿರ, ದಿನ ತುಂಬಿ ಹುಟ್ಟಿದ ಆರೋಗ್ಯವಂತ ಮಕ್ಕಳಲ್ಲಿ ಪ್ಯಾಸಿಫೈಯರ್‌ನಿಂದಾಗಿ ನಾಲ್ಕು ತಿಂಗಳವರೆಗಿನ ಎದೆಹಾಲು ಕಡಿಮೆಯಾಗಲಿಲ್ಲ ಎಂದು 2016ರ ಕಾಕ್ರೇನ್ ಪರಿಶೀಲನೆ ಕಂಡುಕೊಂಡಿದೆ. ಆದರೂ ಹಾಲು ಚೆನ್ನಾಗಿ ಇಳಿದು ಮಗು ಸರಿಯಾಗಿ ಕುಡಿಯಲು ಕಲಿಯುವವರೆಗೆ, ಎಂದರೆ ಮೊದಲ ಮೂರು ನಾಲ್ಕು ವಾರ, ಕೊಡದಿರುವುದು ಒಳ್ಳೆಯದು. ಹಸಿದು ಅಳುವ ಮಗುವಿನ ಬಾಯಿಗೆ ಪ್ಯಾಸಿಫೈಯರ್ ಇಟ್ಟು ಸುಮ್ಮನಾಗಿಸುವುದು ಎಂದಿಗೂ ಸರಿಯಲ್ಲ.

ಕಿವಿಗೂ ಇದಕ್ಕೂ ನಂಟಿದೆ. ಆರು ತಿಂಗಳ ನಂತರವೂ ಸದಾ ಚೀಪುವ ಮಕ್ಕಳಲ್ಲಿ ಮಧ್ಯಕಿವಿಯ ಸೋಂಕು ಹೆಚ್ಚು. ಫಿನ್ಲೆಂಡ್‌ನಲ್ಲಿ ನಡೆಸಿ 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿದ್ದೆ ಹತ್ತುವಾಗ ಮಾತ್ರ ಕೊಡಿ ಎಂದು ಪೋಷಕರಿಗೆ ತಿಳಿಹೇಳಿದ ಚಿಕಿತ್ಸಾಲಯಗಳ ಮಕ್ಕಳಲ್ಲಿ ಈ ಸೋಂಕು ಶೇ. 29ರಷ್ಟು ಕಡಿಮೆ ಇತ್ತು. ಪದೇ ಪದೇ ಕಿವಿ ನೋಯುವ ಮಗುವಾದರೆ ಬೇಗ ಬಿಡಿಸುವುದೇ ಲೇಸು.

ಹಲ್ಲಿಗಿಂತ ದೊಡ್ಡ ಅಪಾಯಗಳು

ಜೇನುತುಪ್ಪ: ನಮ್ಮಲ್ಲಿ ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವ ಸಂಪ್ರದಾಯ ಹಲವು ಮನೆಗಳಲ್ಲಿದೆ. ಅಳು ನಿಲ್ಲಿಸಲು ಪ್ಯಾಸಿಫೈಯರ್ ಅನ್ನು ಜೇನಿನಲ್ಲಿ ಅದ್ದಿ ಕೊಡುವವರೂ ಇದ್ದಾರೆ. ಜೇನಿನಲ್ಲಿ ಬಾಟ್ಯುಲಿಸಂ ರೋಗ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಬೆಳೆಯುವುದಿಲ್ಲ, ಶಿಶುವಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು. ಮಲಬದ್ಧತೆ, ಕ್ಷೀಣವಾದ ಅಳು, ಹಾಲು ಚೀಪಲು ಶಕ್ತಿ ಇಲ್ಲದಿರುವುದು, ಕೈಕಾಲು ಜೋಲುವುದು ಇದರ ಲಕ್ಷಣಗಳು. ಉಸಿರಾಟವೇ ನಿಲ್ಲುವ ಅಪಾಯವಿದೆ. 2018ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಜೇನು ತುಂಬಿದ ಪ್ಯಾಸಿಫೈಯರ್ ಚೀಪಿದ ನಾಲ್ಕು ಶಿಶುಗಳು ಈ ರೋಗದಿಂದ ಆಸ್ಪತ್ರೆ ಸೇರಿದವು. ಒಂದು ವರ್ಷ ತುಂಬುವವರೆಗೆ ಜೇನು ಬೇಡ. ಅದು ಮನೆಯದಾಗಿರಲಿ, ಕಾಡಿನದಾಗಿರಲಿ, ಶುದ್ಧವೆಂಬ ಮಾತು ಇಲ್ಲಿ ರಕ್ಷಣೆ ಕೊಡುವುದಿಲ್ಲ.

ಸಕ್ಕರೆ, ಬೆಲ್ಲ, ಗ್ಲೂಕೋಸ್ ನೀರು: ಸಿಹಿಯಲ್ಲಿ ಅದ್ದಿದ ಪ್ಯಾಸಿಫೈಯರ್ ಬಾಯಲ್ಲಿದ್ದಷ್ಟು ಹೊತ್ತು ಹಾಲುಹಲ್ಲು ಸಿಹಿಯಲ್ಲೇ ನೆನೆಯುತ್ತದೆ. ಹೊಸದಾಗಿ ಬಂದ ಹಲ್ಲು ಬೇಗ ಹುಳುಕಾಗುತ್ತದೆ.

ಬಾಯಲ್ಲಿ ಚೀಪಿ ಶುಚಿ ಮಾಡುವುದು: ಕೆಳಗೆ ಬಿದ್ದದ್ದನ್ನು ತಾವು ಒಮ್ಮೆ ಚೀಪಿ ಮಗುವಿಗೆ ಕೊಡುವವರಿದ್ದಾರೆ. ಹುಳುಕು ತರುವ ಬ್ಯಾಕ್ಟೀರಿಯಾ ಹೀಗೆ ಎಂಜಲಿನ ಮೂಲಕ ಮಗುವಿಗೆ ದಾಟುತ್ತದೆ. ನೀರಿನಲ್ಲಿ ತೊಳೆದು ಕೊಡಿ. ಚಿಕ್ಕ ಶಿಶುವಿನದಾದರೆ ಕುದಿಸಿ ಆರಿಸಿ.

ದಾರ: ಬಿದ್ದು ಹೋಗದಿರಲಿ ಎಂದು ಕುತ್ತಿಗೆಗೆ, ಕರಿದಾರಕ್ಕೆ, ತೊಟ್ಟಿಲಿಗೆ ಕಟ್ಟಬೇಡಿ. ದಾರ ಸುತ್ತಿಕೊಂಡು ಉಸಿರು ಕಟ್ಟಬಹುದು. ಮಲಗುವಾಗ ಬಟ್ಟೆಗೂ ಸಿಕ್ಕಿಸಬಾರದು.

ಬಾಟಲಿಯ ನಿಪ್ಪಲ್: ಇದಕ್ಕೆ ಹತ್ತಿ ತುಂಬಿ ಪ್ಯಾಸಿಫೈಯರ್‌ನಂತೆ ಕೊಡಬೇಡಿ, ಕಿತ್ತು ಬಂದು ಗಂಟಲಿಗೆ ಸಿಕ್ಕಬಹುದು. ಮಗುವಿನ ಬಾಯಿಗಿಂತ ಅಗಲವಾದ, ಗಾಳಿಗೆ ರಂಧ್ರಗಳಿರುವ ತಟ್ಟೆಯ, ಒಂದೇ ಅಚ್ಚಿನ ಪ್ಯಾಸಿಫೈಯರ್ ಆರಿಸಿ. ಅಂಟಾಗಿದ್ದರೆ, ಬಿರುಕು ಬಿಟ್ಟಿದ್ದರೆ ಎಸೆಯಿರಿ.

ಬಿಡಿಸುವುದು ಹೇಗೆ?

• ಒಂದು ವರ್ಷದ ಸುಮಾರಿಗೆ ಹಗಲಿನ ಬಳಕೆ ನಿಲ್ಲಿಸಿ, ಮಲಗುವ ಹೊತ್ತಿಗೆ ಮಾತ್ರ ಉಳಿಸಿ. ಮಗು ಎದ್ದ ಕೂಡಲೇ ಕಣ್ಣಿಗೆ ಕಾಣದಂತೆ ಎತ್ತಿಡಿ.
• ಬೇಸರಕ್ಕೆ ಚೀಪುತ್ತಿದ್ದರೆ ಕೈಗೆ ಆಟಿಕೆ ಕೊಡಿ. ನಿದ್ದೆಗಾಗಿ ಚೀಪುತ್ತಿದ್ದರೆ ಜೋಗುಳ, ಕಥೆ, ಬೆನ್ನು ತಟ್ಟುವುದನ್ನು ರೂಢಿ ಮಾಡಿ.
• ಎರಡು ವರ್ಷ ದಾಟಿದ ಮಗುವಿಗೆ ಮಾತು ಅರ್ಥವಾಗುತ್ತದೆ. ಯಾವ ದಿನ ಬಿಡುವುದೆಂದು ಮೊದಲೇ ಹೇಳಿ, ಬಿಟ್ಟ ದಿನ ಮೆಚ್ಚಿ ಮಾತಾಡಿ.
• ಹೊಸ ತಂಗಿ ತಮ್ಮ ಹುಟ್ಟಿದಾಗ, ಮನೆ ಬದಲಿಸಿದಾಗ, ಜ್ವರ ಬಂದಾಗ ಶುರು ಮಾಡಬೇಡಿ.
• ಮೆಣಸಿನ ಪುಡಿ ಹಚ್ಚುವುದು, ಬೈಯುವುದು, ನೆಂಟರೆದುರು ನಗೆಪಾಟಲು ಮಾಡುವುದು ಬೇಡ. ಖಾರ ಕಣ್ಣಿಗೂ ಹೋಗುತ್ತದೆ. ಹೆದರಿದ ಮಗು ಸಮಾಧಾನಕ್ಕಾಗಿ ಇನ್ನಷ್ಟು ಚೀಪಲು ಹುಡುಕುತ್ತದೆ, ಕೊನೆಗೆ ಹೆಬ್ಬೆರಳಿಗೆ ಹೋಗುತ್ತದೆ.
• ಅಜ್ಜಿ, ತಾತ, ನೋಡಿಕೊಳ್ಳುವವರು ಎಲ್ಲರೂ ಒಂದೇ ನಿಯಮ ಪಾಲಿಸಬೇಕು. ಅಮ್ಮ ಎತ್ತಿಟ್ಟದ್ದನ್ನು ಅಜ್ಜಿ ಕನಿಕರದಿಂದ ಕೊಟ್ಟರೆ ಮಗು ಇನ್ನೂ ಜೋರಾಗಿ ಅಳುವುದನ್ನು ಕಲಿಯುತ್ತದೆ.

ಮೊದಲ ಎರಡು ಮೂರು ರಾತ್ರಿ ಅಳು ಇರುವುದು ಸಹಜ. ಹೆಚ್ಚಿನ ಮಕ್ಕಳು ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುತ್ತಾರೆ.

ದಂತವೈದ್ಯರನ್ನು ಯಾವಾಗ ಕಾಣಬೇಕು?

ಮೊದಲ ಹಲ್ಲು ಬಂದ ಮೇಲೆ, ಒಂದು ವರ್ಷ ತುಂಬುವುದರೊಳಗೆ ಒಮ್ಮೆ ಹಲ್ಲು ತೋರಿಸಿ ಎಂಬುದು ಮಕ್ಕಳ ದಂತವೈದ್ಯರ ಸಲಹೆ. ಮೂರು ವರ್ಷ ದಾಟಿದರೂ ಚೀಪುತ್ತಿದ್ದರೆ, ಹಿಂದಿನ ಹಲ್ಲು ಕಚ್ಚಿದಾಗ ಮುಂದೆ ಕಿಂಡಿ ಕಾಣುತ್ತಿದ್ದರೆ, ಬಾಯಿ ಮುಚ್ಚುವಾಗ ಕೆಳದವಡೆ ಒಂದು ಬದಿಗೆ ಸರಿಯುತ್ತಿದ್ದರೆ ತಡಮಾಡಬೇಡಿ. ಇಂತಹ ಪರೀಕ್ಷೆ ಸರ್ಕಾರಿ ದಂತ ಕಾಲೇಜುಗಳ ಮಕ್ಕಳ ವಿಭಾಗದಲ್ಲೂ ಸಿಗುತ್ತದೆ.

ನಮ್ಮ ತೀರ್ಮಾನ

ಪ್ಯಾಸಿಫೈಯರ್ ಒಂದು ದಿನ ಕೊಟ್ಟರೂ ಹಲ್ಲು ಉಬ್ಬುತ್ತದೆ ಎಂಬುದು ತಪ್ಪು. ಎಷ್ಟು ವರ್ಷ ಚೀಪಿದರೂ ಏನೂ ಆಗುವುದಿಲ್ಲ ಎಂಬುದೂ ತಪ್ಪು. ಮೊದಲ ತಿಂಗಳು ಎದೆಹಾಲಿಗೆ ಬಿಡಿ, ನಂತರ ಬೇಕೆನಿಸಿದರೆ ಮಲಗುವ ಹೊತ್ತಿಗೆ ಮಾತ್ರ ಕೊಡಿ, ಒಂದು ವರ್ಷದಿಂದ ಕಡಿಮೆ ಮಾಡುತ್ತಾ ಬನ್ನಿ, ಮೂರು ತುಂಬುವ ಮೊದಲು ಪೂರ್ತಿ ನಿಲ್ಲಿಸಿ.

ಮುಂದಿನ ಬಾರಿ ಉಬ್ಬುಹಲ್ಲಿನ ಮಗುವಿನ ಫೋಟೋ ಹಾಕಿ ತಾಯಿಯನ್ನು ದೂರುವ ಸಂದೇಶ ಬಂದರೆ ಮುಂದಕ್ಕೆ ಕಳುಹಿಸಬೇಡಿ. ಆ ಗ್ರೂಪ್‌ನಲ್ಲಿ ಪುಟ್ಟ ಕೂಸಿರುವವರು ಯಾರಾದರೂ ಇದ್ದರೆ, ಒಂದು ವರ್ಷದವರೆಗೆ ಜೇನು ಬೇಡ, ಪ್ಯಾಸಿಫೈಯರ್‌ಗೆ ದಾರ ಬೇಡ ಎಂಬ ಎರಡು ಮಾತನ್ನು ಅವರಿಗೆ ತಪ್ಪದೆ ತಿಳಿಸಿ.